ಕಟ್ಟಿದವರಿಗೇ ಕಟ್ಟಡದ ಮೇಲೆ ಹಕ್ಕಿಲ್ಲ: ಬಿಲ್ ಬಾಕಿ ಉಳಿದರೆ ಗುತ್ತಿಗೆದಾರರಿಗೆ ದಾರಿ ಯಾವುದು?

ಕಾರು ರಿಪೇರಿ ಮಾಡಿಸಿ ಹಣ ಕೊಡದೆ ಕೀ ಕೇಳಿದರೆ ಗ್ಯಾರೇಜಿನವರು ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ದುಡಿಮೆಯ ಹಣ ಕೈಸೇರುವವರೆಗೆ ವಾಹನವನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕನ್ನು 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ಆದರೆ ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಪ್ಲಂಬಿಂಗ್ ಮಾಡಿದವರಿಗೋ ಇಟ್ಟಿಗೆ ಹಾಕಿದವರಿಗೋ ಹಣ ಬಾಕಿ ಉಳಿದರೆ, ಹಿಡಿದಿಟ್ಟುಕೊಳ್ಳಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಅಮೆರಿಕದಲ್ಲಿ ಈ ಸಮಸ್ಯೆಗೆ 'ಮೆಕ್ಯಾನಿಕ್ಸ್ ಲೀನ್' ಎಂಬ ಪರಿಹಾರವಿದೆ. ಭಾರತದಲ್ಲಿ ಅಂತಹ ಕಾನೂನೇ ಇಲ್ಲ.

ಏನಿದು ಮೆಕ್ಯಾನಿಕ್ಸ್ ಲೀನ್?

ಕಟ್ಟಡಕ್ಕೆ ದುಡಿದವರು ಅಥವಾ ಸಾಮಗ್ರಿ ಕೊಟ್ಟವರು ತಮ್ಮ ಬಾಕಿಯನ್ನು ಆ ಆಸ್ತಿಯ ಮೇಲೆಯೇ ಋಣಭಾರವಾಗಿ ದಾಖಲಿಸುವ ಹಕ್ಕು ಇದು. ಹೊಸ ರಾಜಧಾನಿ ವಾಷಿಂಗ್ಟನ್ ನಿರ್ಮಾಣಕ್ಕೆ ಸಿದ್ಧತೆ ನಡೆದಿದ್ದಾಗ, 1791ರಲ್ಲಿ, ಮೇರಿಲ್ಯಾಂಡ್ ರಾಜ್ಯ ಇಂತಹ ಮೊದಲ ಕಾನೂನು ತಂದಿತು. ಈಗ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇದು ಒಂದಲ್ಲ ಒಂದು ರೂಪದಲ್ಲಿದೆ.

ಗಡುವುಗಳು ಮಾತ್ರ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ ಉಪಗುತ್ತಿಗೆದಾರ ಅಥವಾ ಪೂರೈಕೆದಾರ ಕೆಲಸ ಶುರು ಮಾಡಿದ 20 ದಿನಗಳಲ್ಲಿ ಮಾಲೀಕರಿಗೆ ನೋಟಿಸ್ ಕೊಡಬೇಕು. ಕಾಮಗಾರಿ ಮುಗಿದ ಮೇಲೆ ಸಾಮಾನ್ಯವಾಗಿ 90 ದಿನಗಳೊಳಗೆ ಲೀನ್ ದಾಖಲಿಸಬೇಕು, ಅಲ್ಲಿಂದ 90 ದಿನಗಳೊಳಗೆ ಮೊಕದ್ದಮೆ ಹೂಡಬೇಕು. ಲೀನ್ ಇರುವ ಆಸ್ತಿಯನ್ನು ಮಾರುವುದೂ ಕಷ್ಟ, ಅದರ ಮೇಲೆ ಸಾಲ ಪಡೆಯುವುದೂ ಕಷ್ಟ. ಹಾಗಾಗಿ ಅನೇಕ ಪ್ರಕರಣಗಳು ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ ಇತ್ಯರ್ಥವಾಗುತ್ತವೆ.

ನಮ್ಮಲ್ಲಿ ಯಾರಿಗೆ ಹಿಡಿತ?

ಮುಂಬೈಯಲ್ಲೋ ಹೈದರಾಬಾದ್‌ನಲ್ಲೋ ಏಳುತ್ತಿರುವ ಒಂದು ಅಪಾರ್ಟ್‌ಮೆಂಟ್ ನೋಡಿ. ಜಾಗ ಮಾರಿದವರಿಗೆ ಹಣ ಬಾಕಿಯಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಅಡಿ ಆ ಆಸ್ತಿಯ ಮೇಲೆ ಹಕ್ಕಿದೆ. ಸಾಲ ಕೊಟ್ಟ ಬ್ಯಾಂಕಿಗೆ ಅಡಮಾನವಿದೆ. ಫ್ಲ್ಯಾಟ್ ಖರೀದಿದಾರರಿಗೆ 2016ರ ರೇರಾ ಕಾಯ್ದೆಯಿದೆ. 2018ರಿಂದ ದಿವಾಳಿ ಸಂಹಿತೆಯಡಿ ಅವರು ಬ್ಯಾಂಕಿನಂತೆ ಹಣಕಾಸು ಸಾಲಿಗರ ಸಾಲಿಗೆ ಸೇರಿದ್ದಾರೆ, ಸಾಲಿಗರ ಸಮಿತಿಯಲ್ಲಿ ಮತವೂ ಸಿಕ್ಕಿದೆ.

ಆ ಕಟ್ಟಡವನ್ನು ಎಬ್ಬಿಸಿ ನಿಲ್ಲಿಸಿದ ಗುತ್ತಿಗೆದಾರ, ಸಿಮೆಂಟ್ ಮತ್ತು ಕಬ್ಬಿಣ ಕೊಟ್ಟ ವ್ಯಾಪಾರಿ ಮಾತ್ರ 'ಕಾರ್ಯಾಚರಣೆ ಸಾಲಿಗರು'. ಸಮಿತಿಯಲ್ಲಿ ಸಾಮಾನ್ಯವಾಗಿ ಅವರಿಗೆ ಮತವಿಲ್ಲ. ಹಣ ಹಂಚುವಾಗ ಸರದಿಯಲ್ಲಿ ಹಿಂದೆ. ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿ 1 ಲಕ್ಷ ರೂಪಾಯಿ ಇತ್ತು. 2020ರ ಮಾರ್ಚ್‌ನಲ್ಲಿ ಅದನ್ನು 1 ಕೋಟಿಗೆ ಏರಿಸಲಾಯಿತು. ಸಣ್ಣ ಪೂರೈಕೆದಾರರಿಗೆ ಆ ಬಾಗಿಲೂ ಬಹುತೇಕ ಮುಚ್ಚಿತು.

1930ರ ಸರಕು ಮಾರಾಟ ಕಾಯ್ದೆಯಲ್ಲಿ ಹಣ ಬಾರದ ಮಾರಾಟಗಾರನಿಗೆ ಲೀನ್ ಇದೆ. ಆದರೆ ಸರಕು ಆತನ ವಶದಲ್ಲಿರುವವರೆಗೆ ಮಾತ್ರ. ಲಾರಿಯಿಂದ ಇಳಿದು ಖರೀದಿದಾರನ ಕೈಸೇರಿದ ಸಿಮೆಂಟ್ ಮೇಲೆ ಆ ಹಕ್ಕು ಉಳಿಯುವುದಿಲ್ಲ. ಗೋಡೆಯಾದ ಮೇಲಂತೂ ಅದು ಸ್ಥಿರಾಸ್ತಿಯ ಭಾಗ.

45 ದಿನದ ನಿಯಮ, ಅದರ ಬಿರುಕು

ಸದ್ಯಕ್ಕೆ ಇರುವ ಬಲವಾದ ಆಸರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಫೆಸಿಲಿಟೇಶನ್ ಕೌನ್ಸಿಲ್ ತೀರ್ಪನ್ನು ಖರೀದಿದಾರ ಪ್ರಶ್ನಿಸಬೇಕಾದರೆ ಶೇ. 75ರಷ್ಟು ಮೊತ್ತವನ್ನು ಮೊದಲೇ ಠೇವಣಿ ಇಡಬೇಕು. ಗಡುವು ಮೀರಿದ ಪಾವತಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ವೆಚ್ಚವೆಂದು ತೋರಿಸಬಹುದು ಎಂಬ ಆದಾಯ ತೆರಿಗೆ ನಿಯಮವೂ 2023ರಲ್ಲಿ ಸೇರಿತು.

ಕಾಗದದ ಮೇಲೆ ಇದು ಗಟ್ಟಿ ಕಾನೂನು. ಆದರೆ ನಿರ್ಮಾಣ ಕ್ಷೇತ್ರಕ್ಕೆ ಬಂದಾಗ ಬಿರುಕು ಕಾಣುತ್ತದೆ. ಸಾಮಗ್ರಿ ಮತ್ತು ಕೂಲಿ ಎರಡೂ ಸೇರಿದ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸದು ಎಂದು ಬಾಂಬೆ ಹೈಕೋರ್ಟ್ ಹೇಳಿದ್ದಿದೆ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿ ತೆರೆದರೂ ಲಾಭ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ಅಂದರೆ ಇಟ್ಟಿಗೆ ಸುಡುವವರಿಗೆ ರಕ್ಷಣೆ ಇದೆ, ಅದನ್ನು ಕೊಂಡು ಮಾರುವ ಡೀಲರ್‌ಗೆ ಇಲ್ಲ.

ಕೊನೆಯ ಕೊಂಡಿಯ ಕಷ್ಟ

2025ರ ಜುಲೈನಲ್ಲಿ ಮಹಾರಾಷ್ಟ್ರದಲ್ಲಿ ಜಲಜೀವನ್ ಕಾಮಗಾರಿ ಮಾಡಿದ್ದ ಯುವಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಬಿಲ್ ಬಾಕಿಯೇ ಕಾರಣ ಎಂಬ ಆರೋಪ ಕೇಳಿಬಂತು. ಅವರ ಹೆಸರಿನಲ್ಲಿ ಬಿಲ್ ಬಾಕಿಯಿಲ್ಲ, ಉಪಗುತ್ತಿಗೆ ಪಡೆದಿರಬಹುದು ಎಂಬ ಉತ್ತರ ಸರ್ಕಾರದ ಕಡೆಯಿಂದ ಬಂತು.

ಇಡೀ ಸಮಸ್ಯೆ ಆ ಉತ್ತರದಲ್ಲೇ ಇದೆ. ಉಪಗುತ್ತಿಗೆದಾರನ ಒಪ್ಪಂದ ಮುಖ್ಯ ಗುತ್ತಿಗೆದಾರನ ಜತೆ. ಮಾಲೀಕನ ದಾಖಲೆಯಲ್ಲಿ ಅವನ ಹೆಸರೇ ಇರುವುದಿಲ್ಲ. ಪುಣೆ, ಮುಂಬೈ, ಹೈದರಾಬಾದ್‌ಗಳಿಗೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿಗೆ ಕೂಲಿ ಕೊಡುವುದು ಹೆಚ್ಚಾಗಿ ಇಂತಹ ಮೇಸ್ತ್ರಿಗಳೇ. ಮೇಲೆ ಬಿಲ್ ನಿಂತರೆ ಕೆಳಗೆ ವಾರದ ಬಟವಾಡೆ ನಿಲ್ಲುತ್ತದೆ.

ಅಮೆರಿಕದಲ್ಲೂ ಸರ್ಕಾರಿ ಆಸ್ತಿಯ ಮೇಲೆ ಲೀನ್ ಹಾಕುವಂತಿಲ್ಲ. ಬದಲಿಗೆ 1935ರ ಮಿಲ್ಲರ್ ಕಾಯ್ದೆಯಡಿ ದೊಡ್ಡ ಫೆಡರಲ್ ಕಾಮಗಾರಿ ಹಿಡಿಯುವ ಗುತ್ತಿಗೆದಾರ ಮೊದಲೇ ಪಾವತಿ ಬಾಂಡ್ ಕೊಡಬೇಕು. 90 ದಿನ ಕಳೆದರೂ ಹಣ ಬಾರದ ಉಪಗುತ್ತಿಗೆದಾರ ಆ ಬಾಂಡ್ ಮೇಲೆ ದಾವೆ ಹೂಡಬಹುದು.

ಲೀನ್ ಕಾನೂನು ತಂದರೆ ಸಾಕೇ?

ಹಾಗೆನ್ನುವುದೂ ಕಷ್ಟ. ಬಿಲ್ಡರ್‌ಗೆ ಪೂರ್ತಿ ಹಣ ಕೊಟ್ಟ ಕುಟುಂಬದ ಫ್ಲ್ಯಾಟ್ ಮೇಲೆ ಟೈಲ್ಸ್ ಪೂರೈಕೆದಾರನ ಋಣಭಾರ ಬಿದ್ದರೆ ಅದೂ ಅನ್ಯಾಯವೇ. ಮಾಲೀಕರು ಎರಡೆರಡು ಸಲ ಹಣ ಕೊಡಬೇಕಾದ ದೂರು ಅಮೆರಿಕದಲ್ಲೂ ಇದೆ.

ನಮ್ಮಲ್ಲಿರುವ ವ್ಯವಸ್ಥೆಯಲ್ಲೇ ಸಣ್ಣ ತಿದ್ದುಪಡಿಗೆ ಜಾಗವಿದೆ. ಖರೀದಿದಾರರ ಹಣದ ಶೇ. 70ನ್ನು ರೇರಾ ಪ್ರಕಾರ ಪ್ರತ್ಯೇಕ ಖಾತೆಯಲ್ಲಿಟ್ಟು ನಿರ್ಮಾಣ ಮತ್ತು ಭೂಮಿಯ ವೆಚ್ಚಕ್ಕಷ್ಟೇ ಬಳಸಬೇಕು. ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಬೇಕಿರುವುದು ಕೆಲಸ ಎಷ್ಟು ಮುಗಿದಿದೆಯೋ ಅದಕ್ಕೆ ತಕ್ಕಷ್ಟೇ ಹಣ ತೆಗೆಯಲಾಗುತ್ತಿದೆ ಎಂಬುದನ್ನು. ಆ ಕೆಲಸ ಮಾಡಿದವರಿಗೆ ಹಣ ಸಂದಿದೆಯೇ ಎಂಬ ಒಂದು ಸಾಲನ್ನೂ ಅಲ್ಲಿ ಕಡ್ಡಾಯ ಮಾಡಿದರೆ, ಖರೀದಿದಾರರಿಗೆ ತೊಂದರೆಯಾಗದೆ ಕೆಳಗಿನವರ ಬಾಕಿ ಬೆಳಕಿಗೆ ಬರುತ್ತದೆ. ಸರ್ಕಾರಿ ಕಾಮಗಾರಿಗೆ ಪಾವತಿ ಬಾಂಡ್ ಕೇಳಬಹುದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂಬ ತತ್ವ ಕಾರ್ಮಿಕ ಕಾನೂನಿನಲ್ಲಿ ಹಿಂದಿನಿಂದಲೂ ಇದೆ. ಅದನ್ನು ಒಂದು ಮೆಟ್ಟಿಲು ಮೇಲಕ್ಕೆ ವಿಸ್ತರಿಸುವುದು ಹೊಸ ವಿಚಾರವೇನಲ್ಲ.

ಈಗ ಮಾಡಬಹುದಾದ್ದು

• ಒಪ್ಪಂದಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ. ನಂತರದ ನೋಂದಣಿ ಸಾಕೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಿದೆ.
• ಫೋನಿನ ಮಾತು ನಂಬಿ ಕೆಲಸ ಶುರು ಮಾಡಬೇಡಿ. ಲಿಖಿತ ವರ್ಕ್ ಆರ್ಡರ್ ಇರಲಿ.
• ಸಾಮಗ್ರಿ ಮತ್ತು ಕೂಲಿಗೆ ಸಾಧ್ಯವಾದರೆ ಪ್ರತ್ಯೇಕ ಒಪ್ಪಂದ, ಪ್ರತ್ಯೇಕ ಬಿಲ್ ಮಾಡಿ.
• ಅಳತೆ ಪುಸ್ತಕ, ಡೆಲಿವರಿ ಚಲನ್‌ಗೆ ಆಯಾ ದಿನವೇ ಸಹಿ ಪಡೆಯಿರಿ.
• ಉಪಗುತ್ತಿಗೆಯಾದರೆ, ಬಾಕಿ ಉಳಿದಾಗ ಮಾಲೀಕರೇ ನೇರವಾಗಿ ಪಾವತಿಸುವ ಷರತ್ತು ಕೇಳಿ, ಅದಕ್ಕೆ ಮಾಲೀಕರ ಒಪ್ಪಿಗೆಯೂ ಇರಲಿ.
• ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. 'ಮುಂದಿನ ತಿಂಗಳು ಕೊಡುತ್ತೇವೆ' ಎಂಬ ಮಾತಿನಲ್ಲೇ ಅದು ಕಳೆದುಹೋಗದಿರಲಿ.