ಹಾಡು ಕೇಳಿ, ಹೆಸರು ಹೇಳಿ

ಭಾನುವಾರ ಮನೆಮಂದಿಗೆಲ್ಲಾ ರಜೆ, ನಮಗೆ ಮಾತ್ರ ಎರಡು ಪಟ್ಟು ಕೆಲಸ. ಹೌದಲ್ವೇ ಗೆಳತಿಯರೇ? ಅದಕ್ಕೇ ನಾನು ವಾರದಲ್ಲಿ ಒಂದು ಮಧ್ಯಾಹ್ನವನ್ನು ರೇಡಿಯೋಗೆಂದೇ ಮೀಸಲಿಟ್ಟುಕೊಂಡಿದ್ದೇನೆ. ಗುರುವಾರ ಊಟ ಮುಗಿದು, ಅಡುಗೆಮನೆ ತೊಳೆದು, ನಮ್ಮ ಮೈಸೂರು ಆಕಾಶವಾಣಿಯ 100.6ಕ್ಕೆ ತಿರುಗಿಸಿದೆನೆಂದರೆ ಹಾಡು ಮುಗಿಯುವ ತನಕ ನಾನು ಯಾರ ಕೈಗೂ ಸಿಗುವವಳಲ್ಲ.

“ಟಿ.ವಿ. ಇದೆ, ಮೊಬೈಲ್ ಇದೆ, ಈ ಡಬ್ಬಾ ಯಾಕಮ್ಮಾ?” ಅಂತ ಮಗಳು ರೇಗಿಸುತ್ತಾಳೆ. ಟಿ.ವಿ. ಮುಂದೆ ಕೂತರೆ ಕೈಕೆಲಸ ಅಲ್ಲೇ ನಿಲ್ಲುತ್ತೆ. ರೇಡಿಯೋ ಹಾಗಲ್ಲ, ಅದಕ್ಕೆ ಕಿವಿಯೊಂದು ಕೊಟ್ಟರೆ ಸಾಕು.

ರೇಡಿಯೋ ಅಂದರೆ ಮೈಸೂರಿನವರಿಗೆ ತುಸು ಹೆಮ್ಮೆಯೂ ಹೌದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆ ಪುಟ್ಟ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಆದರೆ ಸಿನಿಮಾ ಹಾಡಿಗೆ ಒಂದು ಕಾಲದಲ್ಲಿ ಅಲ್ಲಿ ಜಾಗವಿರಲಿಲ್ಲ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಹಿಡಿಸುತ್ತಿರಲಿಲ್ಲ. ಜನ ಸುಮ್ಮನಿರುತ್ತಾರೆಯೇ? ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದರು! ಕೊನೆಗೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಹುಟ್ಟಿತು. ಭಾವಗೀತೆಗಳೂ ಹಾಗೆಯೇ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದ ‘ನಿತ್ಯೋತ್ಸವ’ ಕ್ಯಾಸೆಟ್ ಬರುವ ಮೊದಲು, ಹೊಸಿಲು ದಾಟದ ಹೆಂಗಸರಿಗೆ ಅವನ್ನು ಕೇಳಿಸಿದ್ದು ರೇಡಿಯೋನೇ.

ಈ ಹಾಡುಗಳ ಜೊತೆಗೆ ಇನ್ನೊಂದು ಬರುತ್ತಿತ್ತು, ಕೋರಿಕೆ ಕಳಿಸಿದವರ ಹೆಸರುಗಳು. ನಮ್ಮತ್ತೆ ಹೇಳಿದ ಸಂಗತಿ ಕೇಳಿ. 1980ರ ದಶಕ. ತುಂಬಿದ ಮನೆಯ ಸೊಸೆ ಅವರು. ಒಬ್ಬರಿಗೆ ‘ಅತ್ತಿಗೆ’, ಒಬ್ಬರಿಗೆ ‘ಅಮ್ಮ’, ಯಜಮಾನರಿಗೆ ‘ಇವಳೇ’. ಹೆಸರು ಹಿಡಿದು ಕರೆಯುವವರೇ ಇಲ್ಲ. ಪಕ್ಕದ ಮನೆ ಹುಡುಗಿಯ ಕೈಲಿ 15 ಪೈಸೆಯ ಒಂದು ಕಾರ್ಡು ತರಿಸಿ, ಬರೆದು ಹಾಕಿಸಿದರಂತೆ. ಮೂರು ವಾರ ಕಾದರು. ನಾಲ್ಕನೆಯ ವಾರ ರೇಡಿಯೋದವರು ಇವರ ಹೆಸರನ್ನು, ಊರಿನ ಸಮೇತ, ಸ್ಪಷ್ಟವಾಗಿ ಓದಿದರು.

ಮಾವನವರು ಪೇಪರಿನಿಂದ ತಲೆಯೆತ್ತಿ, “ನಿನ್ನ ಹೆಸರಲ್ಲವೇನೇ ಅದು?” ಅಂದರಂತೆ. “ಯಾರದ್ದೋ ಇರಬೇಕು ಬಿಡಿ” ಅಂತ ಇವರು ಅಕ್ಕಿ ಆರಿಸುತ್ತಾ ಕೂತರು. ಹಾಡು ಯಾವುದೆಂದು ಕೇಳಿದರೆ ಇವತ್ತು ಅತ್ತೆಗೆ ನೆನಪಿಲ್ಲ. ಹೆಸರು ಓದಿದ ದನಿ ಮಾತ್ರ ಇನ್ನೂ ಕಿವಿಯಲ್ಲಿದೆಯಂತೆ. ನನಗೆ ಹೇಳುವ ತನಕ ಯಾರಿಗೂ ಬಾಯಿ ಬಿಟ್ಟಿರಲಿಲ್ಲ!

ಈಗ ಕಾರ್ಡು ಹೋಗಿ ಫೋನ್ ಬಂದಿದೆ. ಆದರೂ ಗಮನಿಸಿ ನೋಡಿ. ಎಷ್ಟೋ ಹೆಂಗಸರು ಯಜಮಾನರ ಹೆಸರು, ಮಕ್ಕಳ ಹೆಸರು, ನಾದಿನಿ ಮಗಳ ಹೆಸರನ್ನೂ ಹೇಳಿ, ತಮ್ಮದನ್ನು ಕೊನೆಗೆ ನುಂಗಿಬಿಡುತ್ತಾರೆ. ಯಾಕೆ ಹೇಳಿ? ಹಾಡು ಬೇಕೆಂದವರು ನೀವು, ಮೊದಲು ನಿಮ್ಮ ಹೆಸರು ಹೇಳಿ.

ಬಿಡುವು ಎಲ್ಲಿದೆ ಅನ್ನುವವರಿಗೆ ನನಗೆ ಒಗ್ಗಿದ ಒಂದೆರಡು ಉಪಾಯ. ದಿನ, ಹೊತ್ತು ನಿಗದಿ ಮಾಡಿ ಮನೆಯವರಿಗೆ ಮೊದಲೇ ತಿಳಿಸಿ. ಮಿಕ್ಸಿ, ಕುಕ್ಕರ್ ಕೆಲಸ ಮುಂಚೆಯೇ ಮುಗಿಸಿ. ಅವರೆಕಾಯಿ ಬಿಡಿಸುವುದು, ಬಟ್ಟೆ ಮಡಿಸುವುದು, ಗುಂಡಿ ಹೊಲಿಯುವುದು ಈ ಹೊತ್ತಿಗಿರಲಿ. ಎಫ್.ಎಂ. ಇರುವ ಮೊಬೈಲಾದರೆ ವೈರಿನ ಇಯರ್‌ಫೋನ್ ಸಿಕ್ಕಿಸಿ, ಆ ವೈರೇ ಅದಕ್ಕೆ ಏರಿಯಲ್. ದೂರದ ಊರಿನಲ್ಲಿರುವ ಮಗಳಿಗೆ ಆಕಾಶವಾಣಿಯ ಆ್ಯಪ್ ಹಾಕಿಕೊಳ್ಳಲು ಹೇಳಿ. ಅಮ್ಮ ಕೇಳುವ ಹಾಡನ್ನು ಅವಳೂ ಕೇಳಲಿ.

ಈ ಗುರುವಾರ ಅತ್ತೆಯ ಕೈಗೇ ಫೋನ್ ಕೊಡುತ್ತೇನೆ. ಮಾವನವರೂ ಮನೆಯಲ್ಲೇ ಇರುತ್ತಾರೆ. “ಯಾರದ್ದೋ ಇರಬೇಕು” ಅಂತ ಈ ಸಲ ಹೇಳಲಿ ನೋಡೋಣ!