ಛತ್ರದವನಿಗೂ ಹಣ ಸಂದಿತು

ಸಾತನೂರಿನ ಸುತ್ತಲಿನ ರೇಷ್ಮೆ ಸಾಕುವ ಮನೆಗಳಲ್ಲಿ, ಹುಳು ಹಣ್ಣಾಗುವ ಮುನ್ನಿನ ರಾತ್ರಿಗಳಲ್ಲಿ ಯಾರಿಗೂ ನೆಮ್ಮದಿಯ ನಿದ್ದೆಯಿಲ್ಲ. ಆ ನಿದ್ದೆಗೇಡಿನ ಬೆಲೆಯನ್ನು ಗೂಡಿನ ಮಾರುಕಟ್ಟೆಯಲ್ಲಿ ನಾವು ನ್ಯಾಯವಾಗಿಯೇ ಕೇಳುತ್ತೇವೆ. ಆದರೆ ಹಾವು ಕಚ್ಚಿದವರನ್ನೋ ಹೆರಿಗೆ ನೋವಿನ ತಾಯಿಯನ್ನೋ ನಡುರಾತ್ರಿ ಕನಕಪುರದ ಆಸ್ಪತ್ರೆಗೆ ಕರೆದೊಯ್ದಾಗ, ಅಲ್ಲಿ ಎಚ್ಚರವಿರುವ ವೈದ್ಯರ ರಾತ್ರಿಗೆ ಬೆಲೆಯೆಷ್ಟು ಎಂದು ಕೇಳುವವರು ವಿರಳ. 'ವೈದ್ಯವೃತ್ತಿ ಸೇವೆಯಲ್ಲವೇ?' ಎಂಬ ಒಂದೇ ಮಾತು ಆ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ.

ಸೇವೆ ದೊಡ್ಡ ಪದ. ಅದು ಕೂಲಿ ತಪ್ಪಿಸುವ ಉಪಾಯವಾಗಬಾರದು. ಕಾರ್ಮಿಕನ ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನವೆಂಬ ನ್ಯಾಯವನ್ನು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತು. ಬಿಡದಿಯ ಕಾರ್ಖಾನೆಗೆ ಹೋಗುವ ನಮ್ಮ ಮಕ್ಕಳು ಇದನ್ನು ಬಲ್ಲರು. ಹಗಲಿನ ಸರದಿ ಮುಗಿಸಿ ರಾತ್ರಿಯೂ ನಿಲ್ಲುವ ಯುವ ವೈದ್ಯೆಗಾದರೋ ಬಹುಪಾಲು ಕಡೆ ಅದೇ ತಿಂಗಳ ಶಿಷ್ಯವೇತನ. ಸ್ಥಾನಿಕ ವೈದ್ಯರನ್ನು ಸಾಮಾನ್ಯವಾಗಿ ದಿನಕ್ಕೆ ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 2024ರ ಆಗಸ್ಟ್‌ನಲ್ಲಿ, ಕೋಲ್ಕತ್ತದ ವೈದ್ಯೆಯ ಕೊಲೆಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟು 36 ಗಂಟೆಗಳ ಸರದಿಯನ್ನು ಕುರಿತು ಕಳವಳಪಡಬೇಕಾಯಿತು. ಅದೇ ತಿಂಗಳು ನಮ್ಮ ರಾಜ್ಯದ ಸ್ಥಾನಿಕ ವೈದ್ಯರು ಶಿಷ್ಯವೇತನ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದ್ದರು.

'ಕರೆ ಬಾರದಿದ್ದರೆ ಮಲಗಿರುತ್ತಾರಲ್ಲ' ಎನ್ನುವಿರೇ? ಜರ್ಮನಿಯ ಕೀಲ್ ನಗರದ ವೈದ್ಯರೊಬ್ಬರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವು 2003ರಲ್ಲಿ ಇದಕ್ಕೆ ಉತ್ತರಿಸಿತು: ಕರೆಗಾಗಿ ಆಸ್ಪತ್ರೆಯಲ್ಲೇ ಉಳಿಯಬೇಕಾದ ಹೊತ್ತೆಲ್ಲ, ಕೊಠಡಿಯಲ್ಲಿ ಮಲಗಿದ್ದರೂ, ದುಡಿಮೆಯ ಹೊತ್ತೇ. ಆ ತೀರ್ಪು ಗಂಟೆಗಳನ್ನು ಕುರಿತದ್ದು, ವೇತನವನ್ನಲ್ಲ. ಆದರೆ ದುಡಿಮೆಯೆಂದು ಒಪ್ಪಿದ ಮೇಲೆ ಕೂಲಿಯನ್ನು ನಿರಾಕರಿಸುವುದು ಹೇಗೆ?

ಹಣವೆಲ್ಲಿಂದ ಬರಬೇಕೆಂಬ ಆಕ್ಷೇಪವುಂಟು. ಬಿಟ್ಟಿ ಸಿಕ್ಕ ರಾತ್ರಿಗೂ ಯಾರೋ ಬೆಲೆ ತೆರುತ್ತಲೇ ಇದ್ದಾರೆ. ದಣಿದ ಕೈ ತಪ್ಪಿದರೆ ರೋಗಿ ತೆರುತ್ತಾನೆ. ಬೇಸತ್ತ ವೈದ್ಯರು ನಗರಕ್ಕೆ ಹೊರಟುಹೋದರೆ ಊರೇ ತೆರುತ್ತದೆ. ಪುಕ್ಕಟೆಯಾದುದನ್ನು ಯಾವ ಆಡಳಿತವೂ ಲೆಕ್ಕವಿಡದು. ರಾತ್ರಿಗೆ ಬೆಲೆ ಕಟ್ಟಿದಾಗಲೇ ಅದನ್ನು ಮಿತವಾಗಿ ಬಳಸುವ ಬುದ್ಧಿ ಬರುತ್ತದೆ. ದಾದಿಯರ ವಿಷಯದಲ್ಲೂ ಇದೇ ಮಾತು.

ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೆನೆಯಿರಿ. ಗಾಯಾಳುವನ್ನು ಛತ್ರಕ್ಕೆ ಒಯ್ದ ಅವನು, ಪುಣ್ಯಕಾರ್ಯವೆಂದು ಹೇಳಿ ಛತ್ರದವನಿಂದ ಬಿಟ್ಟಿ ಚಾಕರಿ ಮಾಡಿಸಲಿಲ್ಲ. ಎರಡು ನಾಣ್ಯ ಕೊಟ್ಟನು. ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದನು. ಕೆಲಸಗಾರ ಒಪ್ಪಿಕೊಂಡನೆಂಬ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದೆಂದು ಜಗದ್ಗುರು ಹದಿಮೂರನೇ ಲಿಯೋ 1891ರಲ್ಲೇ ಬೋಧಿಸಿದರು. ಈ ಬೋಧನೆ ಧರ್ಮಸಭೆಯ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ, ಅಲ್ಲಿಗೇ ಮೊದಲು ಅನ್ವಯಿಸಬೇಕು.

ಆದುದರಿಂದ ವಾಚಕರೇ, ಗ್ರಾಮಸಭೆಯಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ, ನಮ್ಮದೇ ಸಂಸ್ಥೆಗಳ ಆಡಳಿತ ಮಂಡಳಿಯ ಮುಂದೆ ಈ ಪ್ರಶ್ನೆಯನ್ನಿಡಿ: ರಾತ್ರಿಯ ಸರದಿಗೆ ಪ್ರತ್ಯೇಕ ಭತ್ಯೆಯಿದೆಯೇ? ಮರುದಿನ ವಿಶ್ರಾಂತಿಯಿದೆಯೇ? ವೈದ್ಯರಿಗೆ ಕೈಮುಗಿಯುವುದು ಸುಲಭ. ಅವರ ಕೂಲಿಗಾಗಿ ಬಾಯಿತೆರೆಯುವುದು ನಮ್ಮ ಕರ್ತವ್ಯ.