ಪಾರಾಯಣ ಸಾಲದು

ಗೀತೆಯ 700 ಶ್ಲೋಕಗಳನ್ನು ತಪ್ಪಿಲ್ಲದೆ ಒಪ್ಪಿಸಿದ ಬಾಲಕನಿಗೆ ನಾವು ಬಹುಮಾನ ಕೊಡುತ್ತೇವೆ. ಸಂತೋಷವೇ. ಆದರೆ ಬಹುಮಾನ ಹಂಚಿದ ಹಿರಿಯರು ಮರುದಿನ ಕಚೇರಿಯಲ್ಲಿ ಕಡತ ಬಿಚ್ಚುವಾಗ ಆ ಶ್ಲೋಕಗಳು ಎಲ್ಲಿರುತ್ತವೆ?

ಎರಡನೆಯ ಅಧ್ಯಾಯದಲ್ಲಿ ಅರ್ಜುನ ಕೇಳಿದ್ದು ಸ್ಥಿತಪ್ರಜ್ಞನ ನಡೆನುಡಿಯನ್ನು, ಅವನ ಪಾಂಡಿತ್ಯವನ್ನಲ್ಲ. ಉತ್ತರವಾಗಿ ಬಂದ 18 ಶ್ಲೋಕಗಳನ್ನು ಗಾಂಧೀಜಿ ಆಶ್ರಮದ ಸಂಜೆಯ ಪ್ರಾರ್ಥನೆಗೆ ಆರಿಸಿಕೊಂಡರು. ಕುರುಕ್ಷೇತ್ರ ನಮ್ಮ ಅಂತರಂಗದಲ್ಲೇ ಇದೆಯೆಂಬುದು ಅವರ ನಿಲುವು.

ನಿತ್ಯ ಪಾರಾಯಣದಿಂದ ಮನಸ್ಸು ತಾನಾಗಿಯೇ ಶುದ್ಧವಾಗುವುದೆಂದು ವಾದಿಸುವವರುಂಟು. ವೈದ್ಯರ ಚೀಟಿಯನ್ನು ರಾಗವಾಗಿ ಓದಿದರೆ ಜ್ವರ ಇಳಿದೀತೆ? ಅದೇ ಅಧ್ಯಾಯ ಪತನದ ಮೆಟ್ಟಿಲುಗಳನ್ನು ಎಣಿಸಿ ತೋರಿಸಿದೆ: ವಿಷಯಚಿಂತನೆ, ಸಂಗ, ಕಾಮ, ಕ್ರೋಧ, ಮೋಹ, ಸ್ಮೃತಿನಾಶ, ಬುದ್ಧಿನಾಶ. ಲಂಚದ ಲಕೋಟೆಗೆ ಕೈ ಚಾಚುವ ಬಹು ಮೊದಲೇ ಮನಸ್ಸು ಅದರ ಸುತ್ತ ಸುಳಿದಿರುತ್ತದೆ. ಆ ಮೊದಲ ಸುಳಿವನ್ನು ಹಿಡಿಯಲು ಕಲಿಸದ ಓದು ನಾಲಗೆಯ ವ್ಯಾಯಾಮವಷ್ಟೆ.

ಡಿ.ವಿ.ಜಿ. ತಮ್ಮ ಗೀತಾ ವ್ಯಾಖ್ಯಾನಕ್ಕೆ 'ಜೀವನಧರ್ಮಯೋಗ'ವೆಂದು ಹೆಸರಿಟ್ಟರು. 1967ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೆಸರಿನಲ್ಲೇ ಇದೆ ತಿರುಳು: ಜೀವನ ಮೊದಲು. ದಿನಕ್ಕೊಂದೇ ಶ್ಲೋಕ ಓದೋಣ. ರಾತ್ರಿ ಮಲಗುವ ಮುನ್ನ ಅದರೆದುರು ಆ ದಿನದ ಲೆಕ್ಕ ಒಪ್ಪಿಸೋಣ. ಬಹುಮಾನ ಯಾರೂ ಕೊಡುವುದಿಲ್ಲ, ಬೇಕಾಗಿಯೂ ಇಲ್ಲ.